ತಲೆದೆಸೆಯ ಹುರಿ

ಟೈ ಗಂಟು ಮೂರನೆಯ ಸಲವೂ ಸರಿಯಾಗಿ ಕೂರಲಿಲ್ಲ. ಟಾರ್ಕಿಲ್ ಅದನ್ನು ಬಿಚ್ಚಿ ಹಾಸಿಗೆಯ ಮೇಲೆಸೆದು, ಕನ್ನಡಿ ಬಿಟ್ಟು ಕಿಟಕಿಗೆ ಬಂದು ನಿಂತ. ಹೊರಗೆ ಏನೂ ಇರಲಿಲ್ಲ. ಸಮುದ್ರ, ಬೇಲಿ, ಫಿನ್ಲೆಯ ಮಗ್ಗದ ಕೊಟ್ಟಿಗೆ, ಎಲ್ಲವನ್ನೂ ಮಂಜು ನುಂಗಿಕೊಂಡಿತ್ತು. ಎಲ್ಲೋ ಒಂದು ಕುರಿ ಕೆಮ್ಮಿದ್ದು ಮಾತ್ರ ಕಿವಿಯ ಪಕ್ಕದಲ್ಲೇ ಕೆಮ್ಮಿದಂತೆ ಕೇಳಿತು. ಕೆಳಗಿನ ಅಡುಗೆಮನೆಯಿಂದ ಬ್ರಷ್ಷಿನ ಸದ್ದು ಬರುತ್ತಿತ್ತು. ತಮ್ಮ ಫಿನ್ಲೆ ಬೂಟಿಗೆ ಪಾಲಿಶ್ ಹಾಕುತ್ತಿದ್ದಾನೆ. ಅವನು ಬೂಟು ತಿಕ್ಕುವುದು ಎರಡಕ್ಕೇ, ಭಾನುವಾರದ ಚರ್ಚಿಗೆ, ಇಲ್ಲವೇ ಯಾರದಾದರೂ ಮಣ್ಣಿಗೆ. ಇವತ್ತು ಶನಿವಾರ, ಊರಲ್ಲಿ ಯಾರೂ ಸತ್ತಿರಲಿಲ್ಲ. ಅಂದರೆ ಅಣ್ಣ ಬರೆದ ಚಿತ್ರ ನೋಡಲು ಬರುತ್ತೇನೆಂದು ರಾತ್ರಿ ಊಟದ ಹೊತ್ತಿಗೆ ಹೇಳಿದ್ದು ತಮಾಷೆಗಲ್ಲ. ಟಾರ್ಕಿಲ್ ಕಿಟಕಿಯ ಚಿಲಕ ತೆಗೆದು ಮತ್ತೆ ಹಾಕಿದ. ದೇಶದ ದೊಡ್ಡ ದೊಡ್ಡ ವಿಮರ್ಶಕರೆದುರು ಕಾಲ ಮೇಲೆ ಕಾಲು ಹಾಕಿ ಕೂತವನು ತಾನು, ಒಬ್ಬ ನೇಕಾರನಿಗೆ ಹೆದರುತ್ತಿದ್ದೇನಲ್ಲ ಎಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ವಿಷಯ ಹೇಳಿಕೊಳ್ಳಲು ನಾಚಿಕೆಯಾಗುವಷ್ಟು ಸಣ್ಣದು. ಮೂವತ್ತೇಳು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಹಿರಿಯ ಮಗನಾದ ಟಾರ್ಕಿಲ್ ಮಣ್ಣಿಗೆ ಬಂದಿರಲಿಲ್ಲ. ಚಿತ್ರಕಲೆ ಓದುತ್ತಿದ್ದ ಗ್ಲಾಸ್ಗೋದಲ್ಲೇ ಉಳಿದು, ‘ಬಿರುಗಾಳಿ, ಹಡಗು ಹೊರಡುತ್ತಿಲ್ಲ’ ಎಂದು ತಂತಿ ಕೊಟ್ಟಿದ್ದ. ಅದು ಮನೆಯವರಿಗೆ ಹೇಳಿದ ಸುಳ್ಳು. ಎರಡು ವರ್ಷದ ಮೇಲೆ, ತಾನು ನೋಡದ ಆ ಮಣ್ಣಿನ ಚಿತ್ರವನ್ನೇ ಬರೆದ. ಸ್ಕಾಟ್ಲೆಂಡಿನ ಅವರ ದ್ವೀಪದಲ್ಲಿ ಶವಪೆಟ್ಟಿಗೆಯನ್ನು ಗುಂಡಿಗಿಳಿಸುವುದು ಹುರಿ ಹಿಡಿದು. ಯಾರಿಗೆ ಯಾವ ಹುರಿ ಎಂಬುದು ಸಂಬಂಧದ ಮೇಲೆ ನಿಂತದ್ದು, ತಲೆದೆಸೆಯ ಹುರಿ ಹಿರಿಯ ಮಗನದು. ಚಿತ್ರದಲ್ಲಿ ಎಲ್ಲರಿಗಿಂತ ಎತ್ತರವಾಗಿ, ನೋಡುವವರಿಗೆ ಬೆನ್ನು ಕೊಟ್ಟು, ಸಮುದ್ರದತ್ತ ಮುಖ ಮಾಡಿ ಹುರಿ ಹಿಡಿದು ನಿಂತವನನ್ನು ತೋರಿಸಿ ಎಡಿನ್‌ಬರೋದ ವಿಮರ್ಶಕನೊಬ್ಬ, ‘ಇದು ನೀವೇ ಅಲ್ಲವೇ?’ ಎಂದು ಕೇಳಿದ್ದ. ಟಾರ್ಕಿಲ್ ‘ಹೌದು’ ಎಂದಿದ್ದ. ಒಂದೇ ಮಾತು. ಅದು ಲೋಕಕ್ಕೆ ಹೇಳಿದ ಸುಳ್ಳು. ಆ ಮಾತು ಬೆಳೆದು ಭಾಷಣವಾಯಿತು, ಪುಸ್ತಕಗಳಲ್ಲಿ ಅಚ್ಚಾಯಿತು, ಶಾಲೆಯ ಮಕ್ಕಳು ಪರೀಕ್ಷೆಯಲ್ಲಿ ಬರೆಯುವಂತಾಯಿತು. ಎರಡು ಸುಳ್ಳುಗಳ ನಡುವೆ ಇಷ್ಟು ವರ್ಷ ಒಂದು ಕಡಲಿತ್ತು. ಇವತ್ತು ಹನ್ನೊಂದು ಗಂಟೆಗೆ, ದ್ವೀಪದ ಪೇಟೆಯ ಕಲಾಭವನದಲ್ಲಿ, ಎರಡೂ ಒಂದೇ ಸೂರಿನಡಿ ಬರಲಿದ್ದವು. ತಮ್ಮನ ಎದುರಿಗೆ ನಿಂತು ಅವನು ಅದೇ ಭಾಷಣ ಮಾಡಬೇಕಿತ್ತು.

“ಗಂಜಿ ಆರ್ತಾ ಇದೆ ಕಣೋ!” ಎಂದು ಕೆಳಗಿನಿಂದ ಪೆಗ್ಗಿ ಕೂಗಿದಳು. ಪೆಗ್ಗಿ ಫಿನ್ಲೆಯ ಹೆಂಡತಿ, ಟಾರ್ಕಿಲ್‌ನ ಜೊತೆ ಒಂದೇ ಬೆಂಚಿನಲ್ಲಿ ಕೂತು ಓದಿದವಳು, ಅವನಿಗೆ ಮರ್ಯಾದೆ ಕೊಡುವ ಪ್ರಶ್ನೆಯೇ ಇರಲಿಲ್ಲ. “ಎಡಿನ್‌ಬರೋದಲ್ಲಿ ಟೈ ಕಟ್ಟೋದಕ್ಕೂ ಆಳಿಟ್ಕೊಂಡಿದ್ದೀಯೇನು?”

ಅವನು ಟೈ ಇಲ್ಲದೇ ಇಳಿದು ಬಂದ. ಪೆಗ್ಗಿ ಓಟ್ಸ್ ಗಂಜಿಯ ಬಟ್ಟಲು ಮುಂದಿಟ್ಟು, ನಾಳೆ ಸಬ್ಬತ್ತು, ಯಾರೂ ಕೆಲಸ ಮುಟ್ಟದ ದಿನ, ಬಟ್ಟೆಯ ತಂತಿಯ ಮೇಲೆ ಒಂದು ಕರ್ಚೀಫು ಉಳಿದರೂ ಪಕ್ಕದ ಮನೆಯವಳು ವರ್ಷವಿಡೀ ಆಡಿಕೊಳ್ಳುತ್ತಾಳೆ ಎನ್ನುತ್ತಾ ಬಟ್ಟೆ ತರಲು ಹೊರಗೆ ಓಡಿದಳು. ಗಂಡಹೆಂಡತಿ ತಮ್ಮೊಳಗೆ ಆಡುತ್ತಿದ್ದುದು ದ್ವೀಪದ ಗೇಲಿಕ್. ಟಾರ್ಕಿಲ್‌ಗೆ ಒಂದು ಮಾತೂ ಬಿಡದೆ ಅರ್ಥವಾಗುತ್ತಿತ್ತು. ಉತ್ತರ ಕೊಡಲು ಬಾಯಿ ತೆರೆದರೆ ಮಾತ್ರ ಇಂಗ್ಲಿಷೇ ಬರುತ್ತಿತ್ತು. ರೇಡಿಯೋದಲ್ಲಿ ಸಂದರ್ಶನ ಕೊಡುವಾಗ ಅವನು ಅಲ್ಲಲ್ಲಿ ಉದುರಿಸುತ್ತಿದ್ದ ನಾಲ್ಕಾರು ಗೇಲಿಕ್ ಮಾತುಗಳಿದ್ದವು, ಎಲ್ಲ ಸಲವೂ ಅವೇ. ಅವುಗಳಲ್ಲಿ ಒಂದೂ ಈ ಅಡುಗೆಮನೆಯಲ್ಲಿ ಉಪಯೋಗಕ್ಕೆ ಬರುವಂಥದಲ್ಲ. ಉಪ್ಪು ಕೊಡು ಅನ್ನಲು ಬಾರದ ನಾಲಗೆಗೆ ಗಡೀಪಾರು ಅನ್ನಲು ಬರುತ್ತಿತ್ತು. ಫಿನ್ಲೆ ಪಾಲಿಶ್ ಡಬ್ಬಿ ಮುಚ್ಚಿಟ್ಟು, ಕೈಯೊರೆಸಿಕೊಂಡು ಬಂದು, ಅಣ್ಣನ ಟ್ವೀಡ್ ಉಣ್ಣೆಯ ಕೋಟಿನ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿದ. ಪತ್ರಿಕೆಗಳಲ್ಲಿ ಬಂದ ಫೋಟೋಗಳಲ್ಲೆಲ್ಲ ಟಾರ್ಕಿಲ್ ತೊಟ್ಟಿರುತ್ತಿದ್ದುದು ಇದೇ ಕೋಟು.

“ಎಲ್ಲಿ ತಗೊಂಡೆ ಇದನ್ನ?”

“ಎಡಿನ್‌ಬರೋದಲ್ಲಿ. ನಮ್ಮ ದ್ವೀಪದ್ದೇ ಅಂದ್ರು.”

“ಗಿರಣಿ ಬಟ್ಟೆ, ಮಗ್ಗದ್ದಲ್ಲ,” ಎಂದ ಫಿನ್ಲೆ. ಬೈದದ್ದಲ್ಲ, ಹವೆ ಹೇಗಿದೆ ಎಂದು ಹೇಳಿದಂತೆ ಹೇಳಿ ಕೈ ಬಿಟ್ಟ. ಟಾರ್ಕಿಲ್‌ಗೆ ಮೈಮೇಲಿನ ಕೋಟು ಒಮ್ಮೆಲೇ ತೂಕವಾಯಿತು. ಕಳಚಿಹಾಕೋಣವೆಂದರೆ ಬೇರೆ ಇರಲಿಲ್ಲ.

ಫಿನ್ಲೆಯೇ ಕಾರು ಓಡಿಸಿದ. ಪೆಗ್ಗಿ ಹಿಂದಿನ ಸೀಟಿನಲ್ಲಿ ಕೇಕಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು, ಯಾರ ಮಗಳಿಗೆ ಎಲ್ಲಿ ಕೆಲಸ ಸಿಕ್ಕಿತೆಂದು ಹೇಳುತ್ತಾ ಕೂತಳು. ರಸ್ತೆಯ ಎರಡೂ ಬದಿಗೆ ಜೌಗುನೆಲ, ಅದರ ಮೇಲೆ ಮಂಜು, ಮಂಜಿನೊಳಗೆ ಅಲ್ಲಲ್ಲಿ ಒಲೆಗೆಂದು ಕಡಿದು ಒಣಗಲಿಟ್ಟ ಕಪ್ಪುಮಣ್ಣಿನ ಹೆಂಟೆಗಳು. ಕಾರು ಚಲಿಸುತ್ತಿದೆಯೋ ಹೆಂಟೆಗಳೇ ಒಂದೊಂದಾಗಿ ಎದ್ದು ಬಂದು ಇಣುಕಿ ಹೋಗುತ್ತಿವೆಯೋ ತಿಳಿಯದೆ ಟಾರ್ಕಿಲ್ ಕಣ್ಣು ಮುಚ್ಚಿದ. ಮುಚ್ಚಿದ ಕಣ್ಣೊಳಗೂ ಅದೇ ಬಿಳುಪು. ಅದು ಗೋಡೆಯಾಯಿತು, ಮೂವತ್ತೇಳು ವರ್ಷದ ಹಿಂದಿನ ಗ್ಲಾಸ್ಗೋದ ಪ್ರದರ್ಶನದ ಕೋಣೆಯ ಸುಣ್ಣದ ಗೋಡೆ, ಗೋಡೆಯ ಮೇಲೆ ಅವನ ಐದು ಚಿತ್ರಗಳು, ಐದರಲ್ಲೂ ಕೆಂಪು ಕಪ್ಪು ಚೌಕಗಳು. ಗಾಜಿನ ಲೋಟದಲ್ಲಿ ಹುಳಿ ದ್ರಾಕ್ಷಾರಸ. ಲಂಡನ್ನಿನಿಂದ ಒಬ್ಬ ದೊಡ್ಡ ಮನುಷ್ಯ ಬರುತ್ತಾನೆಂದು ಎಲ್ಲರೂ ಬಾಗಿಲ ಕಡೆಗೇ ನೋಡುತ್ತಿದ್ದರು. ಜೇಬಿನಲ್ಲಿ ಫಿನ್ಲೆಯ ತಂತಿ ಮಡಿಸಿಟ್ಟಿತ್ತು: ಅಪ್ಪ ಹೋದರು, ಶುಕ್ರವಾರ ಮಣ್ಣು, ಗುರುವಾರದ ಹಡಗಿಗೆ ಬಾ. ಇವತ್ತು ಗುರುವಾರ. ಈಗ ಹಡಗು ನಡುಕಡಲಿನಲ್ಲಿರುತ್ತದೆ, ಅಡುಗೆಯವನು ಚಹಾ ಹಂಚುತ್ತಿರುತ್ತಾನೆ, ತಾನು ಕೂರಬೇಕಿದ್ದ ಬೆಂಚಿನಲ್ಲಿ ಬೇರೆ ಯಾರೋ ಕೂತಿರುತ್ತಾರೆ. ಕಿಟಕಿಯಾಚೆ ಗ್ಲಾಸ್ಗೋದ ಆಕಾಶ ಶುಭ್ರವಾಗಿತ್ತು, ಒಂದು ಎಲೆಯೂ ಅಲುಗುತ್ತಿರಲಿಲ್ಲ. ಲಂಡನ್ನಿನವನು ಎಂಟಕ್ಕೆ ಬಂದ. ಹತ್ತು ನಿಮಿಷ ನೋಡಿದ. ಕೈಕುಲುಕದೆ ಹೊರಟುಹೋದ.

ಅದಕ್ಕಿಂತ ಅವನು ಹೆಚ್ಚು ಅತ್ತದ್ದು ಮಾರನೆಯ ತಿಂಗಳು, ಕಲಾಶಾಲೆಯ ಮೇಷ್ಟರು ಅದೇ ಚೌಕಗಳೆದುರು ನಿಂತು, “ಇದನ್ನೆಲ್ಲ ನ್ಯೂಯಾರ್ಕಿನೋರು ಆಗಲೇ ಮಾಡಿ ಬಿಸಾಕಿದ್ದಾರಪ್ಪಾ. ನಿಂದೂ ಅಂತ ಏನಿದೆ ಹೇಳು,” ಎಂದಾಗ. ಆ ಕಾಲದಲ್ಲಿ ಸ್ಕಾಟ್ಲೆಂಡಿನ ಚಿತ್ರಗಾರರಿಗೆಲ್ಲ ಅದೇ ಜ್ವರ. ಯಾರನ್ನು ಮಾತಾಡಿಸಿದರೂ ನಾವು ಯಾರು, ನಮ್ಮ ಬಣ್ಣ ಯಾವುದು ಎಂಬ ಮಾತು. ಊರಿದ್ದವರು ಊರನ್ನು ತಂದರು, ಹಡಗುಕಾರ್ಖಾನೆಯ ಮಕ್ಕಳು ಕಬ್ಬಿಣ ತಂದರು. ಟಾರ್ಕಿಲ್ ಬಳಿ ಏನಿತ್ತು? ತಾನು ಹೋಗದ ಒಂದು ಮಣ್ಣು ಇತ್ತು. ಅದರ ಒಂದು ಚೂರೂ ಅವನಿಗೆ ಗೊತ್ತಿರಲಿಲ್ಲ. ಅವ್ವ ಸತ್ತಾಗ ಅವನಿಗೆ ಆರು ವರ್ಷ, ಹೆಂಗಸರ ಜೊತೆ ಮನೆಯಲ್ಲೇ ಕೂರಿಸಿದ್ದರು. ಹುಡುಗನಾಗಿದ್ದಾಗ ಬೇರೆಯವರ ಮಣ್ಣನ್ನು ನೋಡಿದ್ದೂ ಸ್ಮಶಾನದ ಗೋಡೆಯಾಚೆಯಿಂದ, ಗಂಡಸರ ಬೆನ್ನುಗಳನ್ನು ಮಾತ್ರ. ಆದ್ದರಿಂದ ಬೆನ್ನು ಬರೆದ. ನಡುವೆ ಒಂದು ಬೂದು ಪೆಟ್ಟಿಗೆ, ಎರಡು ಪಕ್ಕಕ್ಕೆ ಕರಿಯ ಗೀಟುಗಳಂಥ ಗಂಡಸರು, ಹತ್ತಿರದಲ್ಲಿ ಎತ್ತರದ ಒಂದು ಬೆನ್ನು, ಅದು ತಾನು. ಆಚೆ ಸಮುದ್ರ. ಪೆಟ್ಟಿಗೆಗೂ ಸಮುದ್ರಕ್ಕೂ ನಡುವೆ ಅಂಗೈಯಗಲ ಕ್ಯಾನ್ವಾಸ್ ಬಟ್ಟೆಯನ್ನು ಬಣ್ಣ ಹಚ್ಚದೆ ಹಾಗೇ ಬಿಟ್ಟ, ಕಣ್ಣಿಗೆ ಉಸಿರಾಡಲು ಜಾಗ ಬೇಕೆಂದು. ಬರೆಯುವಾಗ ಹದಿನಾರು ದಿನ ಅವನು ಊಟದ ಪರಿವೆಯಿಲ್ಲದೆ ಅತ್ತಿದ್ದ. ಆ ಅಳು ಸುಳ್ಳಲ್ಲ, ಅದನ್ನು ಯಾರೆದುರಿಗೆ ಬೇಕಾದರೂ ಆಣೆಯಿಟ್ಟು ಹೇಳಬಲ್ಲ. ‘ಅಪ್ಪನನ್ನು ಇಳಿಸಿದ ದಿನ’ ಎಂದು ಹೆಸರಿಟ್ಟ. ವಿಮರ್ಶಕರು ಆ ಖಾಲಿ ಬಟ್ಟೆಯಲ್ಲಿ ಊರು ಬಿಟ್ಟುಹೋದ ಒಂದು ಜನಾಂಗವನ್ನೇ ಕಂಡರು. ಕಂಡರೆ ಕಾಣಲಿ ಎಂದು ಅವನು ಸುಮ್ಮನಿದ್ದ.

“ನಿದ್ದೇನಾ?” ಎಂದ ಫಿನ್ಲೆ. ಕಾರು ನಿಂತಿತ್ತು.

ಕಲಾಭವನದಲ್ಲಿ ಆಗಲೇ ಅರವತ್ತು ಎಪ್ಪತ್ತು ಜನ ಸೇರಿದ್ದರು. ಎಡಿನ್‌ಬರೋದಿಂದ ಚಿತ್ರಗಳನ್ನು ಹೊತ್ತು ತಂದು ಪ್ರದರ್ಶನ ಏರ್ಪಡಿಸಿದ್ದ ಇಶ್ಬೆಲ್ ಎಂಬ ಮೂವತ್ತರ ಹೆಣ್ಣುಮಗಳು ಓಡಿಬಂದು ಟಾರ್ಕಿಲ್‌ನ ಎರಡೂ ಕೈ ಹಿಡಿದುಕೊಂಡಳು. “ಬನ್ನಿ ಬನ್ನಿ, ನೀವು ಬರೋದನ್ನೇ ಕಾಯ್ತಿದ್ವಿ. ನಿಮ್ಮ ಚಿತ್ರಕ್ಕೆ ಒಂದು ಇಡೀ ಗೋಡೆ ಕೊಟ್ಟಿದ್ದೀನಿ, ನೋಡಿ. ಮೊದಲ ಸಲ ತನ್ನ ಮನೆಗೆ ಬಂದಿದೆ ಪಾಪ.” ಗೋಡೆಯ ಪಕ್ಕದ ಹಲಗೆಯಲ್ಲಿ ಅವನ ಮಾತೇ ದೊಡ್ಡ ಅಕ್ಷರದಲ್ಲಿತ್ತು: ‘ತಲೆದೆಸೆಯ ಹುರಿ ನನ್ನ ಅಂಗೈಯಲ್ಲಿ ಜಾರುತ್ತಾ ಹೋಯಿತು. ನನ್ನ ನಾಡಿನ ಭಾರವೆಲ್ಲ ಅದರಲ್ಲಿತ್ತು.’ ಟಾರ್ಕಿಲ್ ಅತ್ತ ನೋಡದೆ ಚಹಾದ ಮೇಜಿಗೆ ಹೋದ. ಅಲ್ಲಿ ಹಗ್ಗದ ರೋರಿ ಪೆಗ್ಗಿಯ ಕೇಕಿನ ಎರಡನೆಯ ತುಂಡು ತಿನ್ನುತ್ತಿದ್ದ. ನಲವತ್ತು ವರ್ಷ ಹಡಗುಕಟ್ಟೆಯಲ್ಲಿ ಹಡಗಿನ ಹಗ್ಗ ಹಿಡಿದು ಗೂಟಕ್ಕೆ ಸುತ್ತಿದ ಮುದುಕ ಅವನು, ಎಂಬತ್ತೈದಾದರೂ ಹಲ್ಲು ಗಟ್ಟಿಯಿತ್ತು.

“ಏನಪ್ಪಾ ದೊಡ್ಡ ಮನುಷ್ಯ,” ಎಂದ ರೋರಿ. “ಇದಕ್ಕೆಲ್ಲಾ ಬಣ್ಣ ಸಾಲ್ದೇ ಹೋಯ್ತೇನು? ಅಲ್ಲಲ್ಲಿ ಬಟ್ಟೆ ಕಾಣ್ತಿದೆ?”

ಟಾರ್ಕಿಲ್ ನಕ್ಕ. ನಗುತ್ತಲೇ ಅವನ ಕಣ್ಣು ಫಿನ್ಲೆಯನ್ನು ಹುಡುಕಿತು. ಫಿನ್ಲೆ ಚಿತ್ರದೆದುರು ನಿಂತಿದ್ದ. ಟೋಪಿ ತೆಗೆದು ಎರಡು ಕೈಯಲ್ಲೂ ಎದೆಗೆ ಹಿಡಿದಿದ್ದ, ಚರ್ಚಿನಲ್ಲಿ ಹಿಡಿದಂತೆ. ಪಾಲಿಶ್ ಹಾಕಿದ ಬೂಟುಗಳು ಜೋಡಿಸಿಟ್ಟಂತೆ ನಿಂತಿದ್ದವು. ಜನ ಅವನ ಅಕ್ಕಪಕ್ಕ ಬಂದು ನೋಡಿ ಮುಂದೆ ಹೋಗುತ್ತಿದ್ದರು, ಅವನು ಕದಲಲಿಲ್ಲ. ಹಲಗೆಯನ್ನು ಓದಿದನೇ? ಕನ್ನಡಕ ಹಾಕಿಕೊಂಡಿದ್ದ, ಓದಿರಬೇಕು. ಟಾರ್ಕಿಲ್‌ಗೆ ಕೋಣೆಯ ಗದ್ದಲವೆಲ್ಲ ನೀರಿನೊಳಗಿಂದ ಕೇಳಿದಂತೆ ಕೇಳತೊಡಗಿತು. ಓಡಿಹೋಗಿ ತಮ್ಮನ ಕಣ್ಣು ಮುಚ್ಚಿಬಿಡಬೇಕು ಅನ್ನಿಸಿತು. ಚಿಕ್ಕವರಿದ್ದಾಗ ಹಾಗೆ ಮುಚ್ಚಿದರೆ ಫಿನ್ಲೆ ಬೆರಳು ಮುಟ್ಟಿಯೇ ಯಾರೆಂದು ಹೇಳಿಬಿಡುತ್ತಿದ್ದ. ಕಾಲುಗಳು ತಾವೇ ಅವನನ್ನು ಅಲ್ಲಿಗೆ ಕರೆದೊಯ್ದವು.

“ಗೋಡೆ ಹಿಂದೆ ನಿಂತ್ಕೊಂಡು ಬರ್ದಂಗಿದೆ,” ಎಂದ ಫಿನ್ಲೆ, ತಿರುಗದೆಯೇ.

“ಹ್ಞೂಂ.”

“ಈ ಎತ್ತರದೋನು ಯಾರು?”

“ತಲೆದೆಸೆಯವನು,” ಎಂದ ಟಾರ್ಕಿಲ್.

ಫಿನ್ಲೆ ಈಗ ತಿರುಗಿ ಅಣ್ಣನ ಮುಖ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅಚ್ಚರಿಯಿತ್ತು, ಬುದ್ಧಿವಂತನೊಬ್ಬ ಬಾಗಿಲನ್ನು ಎಳೆಯುವ ಬದಲು ತಳ್ಳುವುದನ್ನು ಕಂಡಾಗ ಆಗುವಂಥ ಅಚ್ಚರಿ. “ತಲೆದೆಸೇನಾ? ಅವನು ಸಮುದ್ರ ನೋಡ್ತಿದ್ದಾನಲ್ಲೋ. ನಮ್ಮಲ್ಲಿ ಕಾಲು ಮೂಡಲಿಗೆ ಮಾಡಿ ಮಲಗಿಸ್ತೀವಿ, ಕೊನೇ ದಿನ ಎದ್ರೆ ಸೂರ್ಯನ ಕಡೆ ಮುಖ ಇರ್ಲಿ ಅಂತ. ತಲೆ ಸಮುದ್ರದ ಕಡೆ. ತಲೆ ಹಿಡಿದೋನಿಗೆ ಸಮುದ್ರ ಬೆನ್ನಿಗಿರುತ್ತೆ. ಇವನು ನಿಂತಿರೋದು ಕಾಲ್ದೆಸೇಲಿ.” ಟೋಪಿಯ ಅಂಚಿನಿಂದ ಆ ಬೆನ್ನನ್ನು ತೋರಿಸಿದ. “ಇದು ನಾನು. ನಾನು ನಿಂತಿದ್ದು ಇಲ್ಲೇ.”

ಟಾರ್ಕಿಲ್ ಚಿತ್ರ ನೋಡಿದ. ತಾನು ಬರೆದು, ಮೂವತ್ತೈದು ವರ್ಷ ಅದರ ಬಗ್ಗೆಯೇ ಮಾತಾಡಿದ ಚಿತ್ರ. ಸಾವಿರಾರು ಜನ ನೋಡಿದ್ದರು, ಯಾರೂ ಇದನ್ನು ಹೇಳಿರಲಿಲ್ಲ. ಅಲ್ಲಿ ಯಾರಿಗೆ ಗೊತ್ತಿತ್ತು, ಎಲ್ಲರೂ ಇವನನ್ನೇ ನಂಬಿದ್ದರು. ತನ್ನ ಅಪ್ಪನ ತಲೆ ಯಾವ ಕಡೆಗಿದೆ ಎಂಬುದು ತಿಳಿಯದೆ ಅವನು ನಾಡಿಗೆಲ್ಲ ನಾಡಿನ ದುಃಖ ಕಲಿಸಿದ್ದ. ಕಿವಿಯ ತುದಿಯವರೆಗೂ ಬಿಸಿಯೇರಿತು. ಫಿನ್ಲೆ ಇನ್ನೂ ಚಿತ್ರದ ಹತ್ತಿರಕ್ಕೆ ಹೋಗಿ, ಬೆರಳು ತಾಗಿಸದೆ, ಗಾಳಿಯಲ್ಲೇ ಎಣಿಸುತ್ತಿದ್ದ.

“ಈ ಕಡೆ ಮೂರು, ಆ ಕಡೆ ಮೂರು, ನಾನೊಬ್ಬ. ಏಳು.” ತಲೆಯಾಡಿಸಿದ. “ಸರಿಯಾಗಿದೆ.”

ಏಳು ಹೇಗೆ ಸರಿಯಾಗುತ್ತದೆ ಎಂದು ಕೇಳುವಷ್ಟರಲ್ಲಿ ಇಶ್ಬೆಲ್ ಚಮಚದಿಂದ ಲೋಟ ಬಡಿದಳು. ಜನ ಸುಮ್ಮನಾದರು. ನಮ್ಮ ಆಧುನಿಕ ಚಿತ್ರಕಲೆ ತನ್ನ ಮುಖ ಕಂಡುಕೊಂಡದ್ದು ಈ ಒಂದು ಬೆನ್ನಿನಲ್ಲಿ ಎಂದು ಅವಳು ಹೇಳಿದಳು. ಚೆನ್ನಾಗಿಯೇ ಹೇಳಿದಳು. ಆಮೇಲೆ ಟಾರ್ಕಿಲ್‌ನ ಕಡೆ ತಿರುಗಿ, “ಆ ದಿನದ ಬಗ್ಗೆ ನಿಮ್ಮ ಬಾಯಿಂದಲೇ ಕೇಳೋಣ,” ಎಂದಳು. ಅವನಿಗೆ ಆ ಭಾಷಣ ನಿದ್ದೆಯಲ್ಲೂ ಬರುತ್ತಿತ್ತು. ಮೊದಲ ಮಾತು ಗಾಳಿಯ ಬಗ್ಗೆ, ಎರಡನೆಯದು ಪಾದ್ರಿಯ ಕಪ್ಪು ಕೋಟಿನ ಬಗ್ಗೆ, ಮೂರನೆಯದು ಹುರಿ. ಮುಂದಿನ ಸಾಲಿನಲ್ಲಿ ಪೆಗ್ಗಿ ಕೈಕಟ್ಟಿ ನಿಂತಿದ್ದಳು. ಅವಳ ಹಿಂದೆ ಅವನಿಗೆ ಹೆಸರು ಮರೆತ ಆದರೆ ಮೂಗುಗಳ ಪರಿಚಯವಿದ್ದ ಊರಿನ ಮುಖಗಳು. ಫಿನ್ಲೆ ಚಿತ್ರದ ಪಕ್ಕದಲ್ಲೇ ನಿಂತಿದ್ದ, ಟೋಪಿ ಎದೆಗೆ ಹಿಡಿದು, ಸಾಕ್ಷಿಗೆ ಕರೆದಂತೆ ಅಲ್ಲ, ಸುಮ್ಮನೆ ಅಣ್ಣನ ಮಾತು ಕೇಳಲು ಕಾಯುವವನ ಹಾಗೆ. ಟಾರ್ಕಿಲ್ ಬಾಯಿ ತೆರೆದ. ಗಾಳಿಯ ಮಾತು ಬರಲಿಲ್ಲ.

“ನಾನು ಅಲ್ಲಿರಲಿಲ್ಲ,” ಎಂದ. ಅದು ಗೇಲಿಕ್ಕಿನಲ್ಲಿ ಬಂತು. ತಡವರಿಸುತ್ತಾ, ಮಕ್ಕಳ ವ್ಯಾಕರಣದಲ್ಲಿ ಬಂತು. “ಅಪ್ಪನ ಮಣ್ಣಿಗೆ ನಾನು ಬರಲಿಲ್ಲ. ಹುರಿ ಹಿಡಿಯಲಿಲ್ಲ. ಹಿಡಿದೆ ಅಂತ ಎಲ್ಲರಿಗೂ ಹೇಳ್ದೆ. ಮನೆಗೆ ಬಿರುಗಾಳಿ ಅಂತ ತಂತಿ ಕೊಟ್ಟೆ. ಬಿರುಗಾಳಿ ಇರಲಿಲ್ಲ. ಗ್ಲಾಸ್ಗೋದಲ್ಲಿ ಒಬ್ಬ ನನ್ನ ಚಿತ್ರ ನೋಡೋಕೆ ಬರ್ತಾನೆ ಅಂತ ಉಳ್ಕೊಂಡೆ. ಈ ಬೆನ್ನು ನನ್ನದಲ್ಲ. ಫಿನ್ಲೆದು.”

ಎಡಿನ್‌ಬರೋದಿಂದ ಬಂದ ನಾಲ್ಕೈದು ಜನಕ್ಕೆ ಅರ್ಥವಾಗಲಿಲ್ಲ, ಅವರು ಗೇಲಿಕ್ ಕೇಳಿದ ಸಂತೋಷಕ್ಕೆ ಮುಗುಳ್ನಗುತ್ತಿದ್ದರು. ಗೇಲಿಕ್ ಕಲಿತಿದ್ದ ಇಶ್ಬೆಲ್‌ಗೆ ಅರ್ಥವಾಯಿತು, ಅವಳ ಮುಖ ಹಲಗೆಯ ಕಡೆಗೆ ತಿರುಗಿ ಅಲ್ಲೇ ನಿಂತಿತು. ಟಾರ್ಕಿಲ್ ಕಾದ. ಕಲ್ಲು ಬೀಳಲಿ ಎಂದು ತಲೆ ತಗ್ಗಿಸಿ ಕಾದ. ಚಹಾದ ಮೇಜಿನ ಕಡೆಯಿಂದ ಹಗ್ಗದ ರೋರಿ ಗಂಟಲು ಸರಿಮಾಡಿಕೊಂಡ.

“ಅದು ನಮಗೆಲ್ಲಾ ಗೊತ್ತಿರೋದೇ ಅಲ್ವೇನಪ್ಪಾ. ಆವತ್ತು ಹಡಗು ಬಂತು. ಹಗ್ಗ ಹಿಡಿದು ಕಟ್ಟಿದೋನು ನಾನು. ನೀರು ಕನ್ನಡಿ ಇದ್ದಂಗಿತ್ತು. ಫಿನ್ಲೆ ಕೊನೇ ಆಳು ಇಳಿಯೋತನಕ ಕಟ್ಟೆ ಮೇಲೆ ನಿಂತಿದ್ದ. ಮೆಟ್ಟಿಲು ಎಳ್ಕೊಂಡ ಮೇಲೂ ನಿಂತಿದ್ದ. ನಿನ್ನ ತಂತಿ ಬಂದಿದ್ದು ಮಾರನೇ ಬೆಳಿಗ್ಗೆ. ಪೋಸ್ಟಾಫೀಸಿನ ಅಮ್ಮ ಓದ್ಬಿಟ್ಟು, ಕವರೊಳಗಿಟ್ಟು ಅಂಟಿಸಿ, ಯಾರ ಹತ್ರಾನೂ ಹೇಳ್ಲಿಲ್ಲ ಪಾಪ, ನಮ್ಮೆಲ್ಲರ ಹತ್ರ ಬಿಟ್ಟು.” ಯಾರೋ ಹಿಂದೆ ಕಿಸಕ್ಕೆಂದರು. “ನಡೀರಿ, ಟೀ ಆರ್ತಾ ಇದೆ.”

ಗುಂಪು ಚಹಾದ ಕಡೆ ಸರಿಯಿತು. ಪೆಗ್ಗಿ ಅವನನ್ನು ದಾಟಿ ಹೋಗುವಾಗ ಕೋಟಿನ ತೋಳನ್ನು ಹಿಡಿದು ಒಮ್ಮೆ ಅಲ್ಲಾಡಿಸಿ, “ಕತ್ತೆ,” ಎಂದಷ್ಟೇ ಅಂದು ಹೋದಳು. ಮೂವತ್ತೇಳು ವರ್ಷ ಅವನು ರಾತ್ರಿ ಎದ್ದು ಕೂತು ಕಾವಲು ಕಾದ ಗುಟ್ಟು ಈ ಊರಿನಲ್ಲಿ ಕುರಿ ಕಾಯುವವರಿಗೂ ಗೊತ್ತಿತ್ತು. ಅವನು ರಜೆಗೆ ಬಂದಾಗಲೆಲ್ಲ ಹೆರಿಂಗ್ ಮೀನು, ಆಲೂಗಡ್ಡೆ ಬಡಿಸಿ, ಕಡಲು ಹೇಗಿತ್ತು ಎಂದು ಕೇಳಿದವರಿಗೆಲ್ಲ ಗೊತ್ತಿತ್ತು. ತನಗಾದದ್ದು ನಾಚಿಕೆಯೋ ನಿರಾಳವೋ ಅವನಿಗೆ ತಿಳಿಯಲಿಲ್ಲ. ತಮ್ಮನ ಪಕ್ಕಕ್ಕೆ ಹೋಗಿ ನಿಂತ. ಇಬ್ಬರೂ ಚಿತ್ರದ ಕಡೆಗೇ ನೋಡಿದರು.

“ಯಾಕೆ ಯಾವತ್ತೂ ಹೇಳ್ಲಿಲ್ಲ ನೀನು?”

“ನೀನು ಕೇಳ್ಲಿಲ್ಲ.”

“ನನ್ನ ಹುರಿ ಯಾರು ಹಿಡಿದ್ರು?”

ಫಿನ್ಲೆ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದ. ಬಹಳ ಹೊತ್ತು ಒರೆಸಿದ. “ಯಾರೂ ಹಿಡೀಲಿಲ್ಲ. ಚಿಕ್ಕಪ್ಪ ಮುಂದೆ ಬಂದ್ರು, ಬೇಡ ಅಂದೆ. ಪಾದ್ರಿಗಳು ಬಂದು ಕಿವೀಲಿ ಹೇಳಿದ್ರು, ಬೇಡ ಅಂದೆ. ಅದು ಟಾರ್ಕಿಲ್‌ದು, ಅವನು ಬಂದಿಲ್ಲ ಅಂದ್ರೆ ಅದು ಹಾಗೇ ಇರ್ಲಿ ಅಂದೆ. ಇಪ್ಪತ್ತೊಂದು ವರ್ಷ ನನಗೆ, ಹಟ. ಎಂಟು ಹುರಿಗೆ ಏಳೇ ಜನ ಇಳಿಸಿದ್ವಿ.” ಬಣ್ಣ ಹಚ್ಚದೆ ಬಿಟ್ಟ ಬಟ್ಟೆಯ ಕಡೆ ಗದ್ದ ತೋರಿಸಿದ. “ಅಲ್ಲಿ ಯಾರೂ ಇರ್ಲಿಲ್ಲ. ಅದನ್ನ ಸರಿಯಾಗೇ ಬಿಟ್ಟಿದ್ದೀಯ.”

ಟಾರ್ಕಿಲ್‌ಗೆ ಅಳು ಬಂತು, ತಡೆಯಲಿಲ್ಲ. ಫಿನ್ಲೆ ಕನ್ನಡಕ ಹಾಕಿಕೊಂಡು, ಚಿತ್ರವನ್ನು ಇನ್ನೊಂದು ಸಲ, ಮಗ್ಗದಿಂದಿಳಿದ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವಂತೆ, ಮೇಲಿನಿಂದ ಕೆಳಗಿನವರೆಗೂ ನೋಡಿದ.

“ಒಂದೇ ತಪ್ಪು,” ಎಂದ. “ಪೆಟ್ಟಿಗೇನ ನೆಟ್ಟಗೆ ಬರ್ದಿದ್ದೀಯ. ನಿನ್ನ ಕಡೆ ಹಿಡಿಯೋರಿರ್ಲಿಲ್ವಲ್ಲ, ತಲೆ ಕಡೆ ತಗ್ಗಿ ವಾಲ್ತು. ಅಪ್ಪ ವಾಲ್ಕೊಂಡೇ ಹೋದ್ರು.”